ಆಟ ಅರಿಯದವರು ನೋಡುವ ಆಟ



ಕಣ್ಣಾರೆ ಕಂಡ ಒಂದು ಆಟ ನನಗೆ ನಿದ್ರೆ ತಂದಿತು. ಅದೇ ಆಟವನ್ನು ಕುರಿತ ಒಂದು ಚಲನಚಿತ್ರ ಅದೇ ವಾರ ನನ್ನನ್ನು ಅಳಿಸಿತು. ಆಟ ಬೇಡವಾದವನಿಗೆ ಆಟದ ಕಥೆ ಏಕೆ ಬೇಕಾಗುತ್ತದೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ನಿವೃತ್ತಿಯ ತರುವಾಯ ನಾನೂ ನನ್ನ ಶ್ರೀಮತಿಯೂ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಳಿಯಂದಿರು ಪ್ರೀತಿಯಿಂದ ನಮ್ಮನ್ನು ಬೇಸ್‌ಬಾಲ್ ಪಂದ್ಯವೊಂದಕ್ಕೆ ಕರೆದೊಯ್ದರು. ಒಬ್ಬನು ಚೆಂಡು ಎಸೆಯುತ್ತಾನೆ, ಇನ್ನೊಬ್ಬನು ದುಂಡನೆಯ ದಾಂಡು ಬೀಸುತ್ತಾನೆ, ಬಹುಮಟ್ಟಿಗೆ ಅದು ಚೆಂಡಿಗೆ ತಗಲುವುದಿಲ್ಲ. ನಡುನಡುವೆ ಎಲ್ಲರೂ ಸುಮ್ಮನೆ ನಿಂತಿರುತ್ತಾರೆ. ದಾಂಡಿಗನು ‘ಮನೆ’ಯಿಂದ ಹೊರಟು ಮೂರು ಠಾಣೆಗಳನ್ನು ಮುಟ್ಟಿ ಮತ್ತೆ ಮನೆಗೆ ಬಂದರೆ ಒಂದು ಓಟವೆಂದು ಅಳಿಯಂದಿರು ವಿವರಿಸಿದರು. ಹೊರಡುವ ನೆಲೆಗೆ ಅವರು ನಿಜವಾಗಿಯೂ ‘ಮನೆ’ ಎಂದೇ ಹೆಸರಿಟ್ಟಿದ್ದಾರೆ. ಚೌಕಾಬಾರದಲ್ಲಿ ಕಾಯಿ ಮನೆಮನೆ ದಾಟಿ ಹಣ್ಣಾಗುವುದನ್ನು ಬಲ್ಲ ನನ್ನ ಶ್ರೀಮತಿಗೆ ಇದು ನನಗಿಂತ ಬೇಗ ತಿಳಿಯಿತು. ಒಟ್ಟು ಒಂಬತ್ತು ಸರದಿಗಳಲ್ಲಿ ಮೂರನೆಯದು ಮುಗಿಯುವ ಹೊತ್ತಿಗೆ ನಾನು ಕುಳಿತಲ್ಲಿಯೇ ತೂಕಡಿಸುತ್ತಿದ್ದೆನಂತೆ.

ಆ ವಾರದ ಕೊನೆಯಲ್ಲಿ ಮಗಳು ‘ಫೀಲ್ಡ್ ಆಫ್ ಡ್ರೀಮ್ಸ್’ ಎಂಬ 1989ರ ಚಿತ್ರವನ್ನು ತೋರಿಸಿದಳು. ಅಯೋವಾ ಎಂಬ ಸೀಮೆಯ ಒಬ್ಬ ರೈತನು ಯಾವುದೋ ಅಶರೀರವಾಣಿಯನ್ನು ಕೇಳಿ, ತನ್ನ ಹೊಲದಲ್ಲಿ ನಿಂತ ಗೋವಿನಜೋಳವನ್ನು ಕಡಿದು ಹಾಕಿ, ಅಲ್ಲಿ ಬೇಸ್‌ಬಾಲ್ ಬಯಲು ಮಾಡುತ್ತಾನೆ. ನಮ್ಮ ಮುಧೋಳದ ಕಡೆ ಯಾರಾದರೂ ನಿಂತ ಕಬ್ಬನ್ನು ಕಡಿದು ಕುಸ್ತಿಯ ಕಣ ಮಾಡಿದರೆ ಊರು ಏನೆಂದೀತೋ ಅದನ್ನೇ ಅಲ್ಲಿಯ ಊರೂ ಅನ್ನುತ್ತದೆ. 1919ರ ಪಂದ್ಯಗಳಲ್ಲಿ ಹಣ ತಿಂದು ಸೋತರೆಂಬ ಆಪಾದನೆಯಿಂದ ಆಟದಿಂದಲೇ ಹೊರದೂಡಲ್ಪಟ್ಟ ಚಿಕಾಗೋ ತಂಡದವರು, ಎಂದೋ ಸತ್ತುಹೋದವರು, ಜೋಳದ ದಂಟುಗಳ ನಡುವಿನಿಂದ ನಡೆದು ಬಂದು ಆಡುತ್ತಾರೆ. ಕೊನೆಗೆ ಬರುವವನು ಆ ರೈತನ ತಂದೆ. ಮಗನು ಎಂದೂ ಕಂಡಿರದ ಹರೆಯದ ರೂಪದಲ್ಲಿ ಬರುತ್ತಾನೆ. ಜಗಳವಾಡಿ ಮನೆ ಬಿಟ್ಟು ಹೋದವನು ಆ ಮಗ. ತಂದೆ ಬದುಕಿರುವಾಗ ರಾಜಿಯಾಗಲಿಲ್ಲ. ಈಗ ಇಬ್ಬರೂ ಎದುರುಬದುರು ನಿಂತು ಚೆಂಡನ್ನು ಎಸೆದು ಹಿಡಿಯುತ್ತಾರೆ. ಅಷ್ಟೇ. ಕ್ಷಮೆಯ ಮಾತಿಲ್ಲ, ಕಾಲಿಗೆ ಬೀಳುವುದಿಲ್ಲ. ನಾನು ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಈ ಆಟ ಅಮೆರಿಕದವರಿಗೆ ಇಷ್ಟೊಂದು ಚಿತ್ರಗಳನ್ನು ಕೊಟ್ಟದ್ದು ಸುಮ್ಮನೆ ಅಲ್ಲ. ನನಗೆ ನಿದ್ರೆ ತಂದ ಆ ಬಿಡುವುಗಳೇ ಕಥೆಗಾರನಿಗೆ ಬಂಡವಾಳ. ಎಸೆಯುವವನು ಚೆಂಡನ್ನು ಕೈಯಲ್ಲಿ ತಿರುವುತ್ತ ನಿಂತಾಗ ಅವನ ಮುಖವನ್ನು ನೋಡಲು ಸಮಯವಿದೆ. ತಂಡದ ಆಟವೆಂದರೂ ಆ ಗಳಿಗೆಯಲ್ಲಿ ಇಬ್ಬರೇ ಎದುರಾಳಿಗಳು, ಅದು ದ್ವಂದ್ವವೇ. ಅಲ್ಲದೆ ಹತ್ತು ಸಲ ದಾಂಡು ಹಿಡಿದು ಮೂರು ಸಲ ಸಫಲನಾದವನನ್ನು ಅಲ್ಲಿ ದೊಡ್ಡ ಆಟಗಾರನೆನ್ನುತ್ತಾರೆ. ಉಳಿದ ಏಳು ಸಲದ ಸೋಲನ್ನು ಹೊತ್ತು ಮರಳುವುದು ಆ ಆಟದ ನಿತ್ಯಕರ್ಮ. ಇನ್ನೊಂದು ಮಾತು: ಫುಟ್‌ಬಾಲನ್ನೂ ಹಾಕಿಯನ್ನೂ ಗಡಿಯಾರ ಮುಗಿಸುತ್ತದೆ, ಬೇಸ್‌ಬಾಲಿನಲ್ಲಿ ಕೊನೆಯವನು ಔಟಾಗುವವರೆಗೆ ಆಟ ಮುಗಿಯದು. 2023ರಿಂದ ಅಲ್ಲಿಯ ದೊಡ್ಡ ಪಂದ್ಯಗಳಲ್ಲಿ ಎಸೆತ ಎಸೆತಗಳ ನಡುವಿನ ಬಿಡುವಿಗೆ ಗಡಿಯಾರ ಬಂದಿದೆ ನಿಜ. ಆದರೆ ಪಂದ್ಯವನ್ನೇ ಮುಗಿಸುವ ಗಡಿಯಾರ ಈಗಲೂ ಇಲ್ಲ.

ಗಡಿಯಾರವಿಲ್ಲದ ಕಾಳಗ ನಮ್ಮ ಸೀಮೆಗೆ ಹೊಸದಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳಲ್ಲಿ ಜಾತ್ರೆ ಎಂದರೆ ತೇರು ಎಷ್ಟು ನಿಜವೋ ಕುಸ್ತಿಯೂ ಅಷ್ಟೇ ನಿಜ. ಅದಕ್ಕೆ ‘ಜಂಗೀ ನಿಕಾಲಿ ಕುಸ್ತಿ’ ಎಂದು ಹೆಸರು. ನಿಕಾಲಿ ಎಂದರೆ ಇತ್ಯರ್ಥ. ಒಬ್ಬನ ಬೆನ್ನು ಮಣ್ಣಿಗೆ ತಾಗಿ ಅವನು ಚಿತ್ ಆಗುವ ತನಕ ಹಲಗೆಯವನು ಹಲಗೆ ನಿಲ್ಲಿಸುವುದಿಲ್ಲ. ಅಂಕಗಳ ಲೆಕ್ಕವಿಲ್ಲ, ಆದ್ದರಿಂದಲೇ ಏನೂ ತಿಳಿಯದವನಿಗೂ ಯಾರು ಗೆದ್ದರೆಂದು ತಿಳಿಯುತ್ತದೆ.

ನನ್ನ ತಂದೆ ಬನಹಟ್ಟಿಯ ನೇಕಾರರು. ಬೆಳಗಿನ ಜಾವ ತಾಲೀಮು, ಹಗಲೆಲ್ಲ ಮಗ್ಗ. ಹರೆಯದಲ್ಲಿ ಸುತ್ತಲಿನ ಜಾತ್ರೆಗಳಲ್ಲಿ ಹಿಡಿದವರು. ಒಂದು ಬೆಳ್ಳಿಯ ಕಡಗ ಗೆದ್ದುದನ್ನು ಬಿಟ್ಟರೆ ದೊಡ್ಡ ಹೆಸರೇನಲ್ಲ. ನಾನು ಅವರ ಒಬ್ಬನೇ ಮಗ. ಎಂಟನೆಯ ವಯಸ್ಸಿನಲ್ಲಿ ಅವರು ನನ್ನನ್ನು ತಾಲೀಮಿಗೆ ಇಳಿಸಿದರು; ಹತ್ತನೆಯದರಲ್ಲಿ ನಾನು ಜ್ವರದ ನೆಪ ಹೇಳಿ ಮೇಲೆ ಬಂದವನು ಮತ್ತೆ ಇಳಿಯಲಿಲ್ಲ. ತಂದೆ ಬೈಯಲಿಲ್ಲ. ಧಾರವಾಡಕ್ಕೆ ಎಂ. ಎ. ಓದಲು ಹೊರಟಾಗ ಆ ಕಡಗವನ್ನು ಮಾರಿ ಹಣ ಕೊಟ್ಟರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ತಾಯಿಯ ಬಾಯಿಂದ.

ಕುಸ್ತಿಯನ್ನು ಬಲ್ಲ ಅವರಿಗೆ ಚಿತ್ರಗಳಲ್ಲಿಯ ಕುಸ್ತಿಯನ್ನು ನೋಡುವುದೇ ಆಗುತ್ತಿರಲಿಲ್ಲ. ಟೆಂಟಿನಲ್ಲಿ ನಾಯಕನು ಹತ್ತು ಮಂದಿಯನ್ನು ಉರುಳಿಸುವಾಗ ಎಲ್ಲರೂ ಸಿಳ್ಳು ಹಾಕಿದರೆ ಅವರು ಮಾತ್ರ, “ಬೀಳಾಂವ ಮದಲ ಬೀಳಾಕ ತಯಾರಾಗಿ ನಿಂತಾನ” ಎಂದು ನಗುತ್ತಿದ್ದರು. ಆಟದ ಚಿತ್ರಗಳು ಆಟಗಾರರಿಗಾಗಿ ಇರುವುದಕ್ಕಿಂತ ಹೆಚ್ಚಾಗಿ ಉಳಿದವರಿಗಾಗಿ ಇವೆಯೆಂಬ ಶಂಕೆ ನನಗೆ ಅಂದೇ ಮೂಡಿರಬೇಕು.

ಈ ಉಳಿದವರಿಗೆ ಕಥೆಗಾರನು ಏನು ಕೊಡುತ್ತಾನೆ? ಇಡೀ ಆಟವನ್ನು ಕಲಿಸಲು ಹೋಗುವುದಿಲ್ಲ. ಒಂದೇ ಒಂದು ನಿಯಮವನ್ನು ಕಲಿಸುತ್ತಾನೆ, ಕೊನೆಯ ಗಳಿಗೆಯಲ್ಲಿ ಬೇಕಾಗುವ ನಿಯಮವನ್ನು. 2001ರಲ್ಲಿ ಬಂದ ಆಶುತೋಷ್ ಗೋವಾರಿಕರರ ‘ಲಗಾನ್’ ನೋಡಿದವರಿಗೆ ಇದು ನೆನಪಿರಬೇಕು. 1893ರ ಆ ಹಳ್ಳಿಯವರಿಗೆ ಕ್ರಿಕೆಟ್ಟೆಂದರೆ ನಮ್ಮ ಚಿನ್ನಿದಾಂಡಿನಂಥದೇ ಎಂದು ಹೇಳಿ ಭುವನನು ಒಪ್ಪಿಸುತ್ತಾನೆ. ಪ್ರೇಕ್ಷಕರಾದ ನಮ್ಮನ್ನೂ ಅದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತಾನೆ. ಕೊನೆಯಲ್ಲಿ ಆಂಗ್ಲ ನಾಯಕನು ಚೆಂಡನ್ನು ಹಿಡಿದು ಗೆದ್ದೆನೆಂದು ಹಿಗ್ಗುತ್ತಾನೆ, ಆದರೆ ಅವನ ಕಾಲು ಗೆರೆಯ ಆಚೆ ಇರುತ್ತದೆ. ಗೆರೆಯೊಂದಿದೆ ಎಂಬಷ್ಟು ತಿಳಿದರೆ ಸಾಕು.

2016ರ ‘ದಂಗಲ್’ ಚಿತ್ರವನ್ನು ನಾನು ಶ್ರೀಮತಿಯೊಡನೆ ನೋಡಿದೆ. ಆಕೆಯ ತವರು ಬೀಳಗಿ. ನಮ್ಮ ಬಾಲ್ಯದಲ್ಲಿ ಹೆಂಗಸರು ಕುಸ್ತಿಯ ಕಣದ ಹತ್ತಿರ ಸುಳಿಯುತ್ತಿರಲಿಲ್ಲವಾದ್ದರಿಂದ ಆಕೆ ಹಲಗೆಯ ಸದ್ದನ್ನು ಮಾತ್ರ ಕೇಳಿದವಳು. ಒಂದೇ ಪಟ್ಟಿಗೆ ಐದು ಅಂಕ ಬರುವುದುಂಟು, ಅದು ಬಹು ದುರ್ಲಭ ಎಂಬುದನ್ನು ತಂದೆ ಮಗಳಿಗೆ ಮೊದಲೇ ಹೇಳಿಕೊಟ್ಟಿರುತ್ತಾನೆ; ನಮಗೂ ಅಷ್ಟೇ ಪಾಠ. ಕೊನೆಯ ಪಂದ್ಯದಲ್ಲಿ ತಂದೆಯನ್ನು ಕೋಣೆಯೊಂದರಲ್ಲಿ ಕೂಡಿ ಹಾಕಿರುತ್ತಾರೆ. ನಾನು ಅಂಕ ಎಣಿಸುತ್ತಿದ್ದೆ. ಶ್ರೀಮತಿ ನನ್ನ ತೋಳು ಹಿಡಿದು, “ಅಲ್ರೀ, ಆಕಿ ಅವರಪ್ಪನ್ನ ಹುಡುಕಾಕತ್ಯಾಳ ನೋಡ್ರಿ” ಎಂದಳು. ಕುಸ್ತಿಯನ್ನು ಕಾಣದವಳು ನೋಡಿದ್ದು ಅದನ್ನು.

2010ರ ದಿಲ್ಲಿಯ ಕಾಮನ್‌ವೆಲ್ತ್ ಕ್ರೀಡೆಗಳ ನಿಜವಾದ ಅಂತಿಮ ಪಂದ್ಯವನ್ನು ಗೀತಾ ಫೋಗಟ್ ಸುಲಭವಾಗಿಯೇ ಗೆದ್ದಿದ್ದರು. ಅವರ ತಂದೆಯನ್ನು ಯಾರೂ ಕೂಡಿ ಹಾಕಿರಲಿಲ್ಲ. ಇದನ್ನು ಎತ್ತಿ ಆಡಿ ಚಿತ್ರವನ್ನು ಸುಳ್ಳೆಂದವರುಂಟು. ನಾನು ಅವರ ಪಕ್ಷದವನಲ್ಲ. ಭೀಮನಲ್ಲಿ ತನ್ನ ದೊರೆ ಸತ್ಯಾಶ್ರಯನನ್ನು ಕಂಡ ಕವಿಯನ್ನು ಮೂರು ದಶಕಗಳಿಗೂ ಮಿಕ್ಕಿ ಪಾಠ ಮಾಡಿದವನು ಸಿನಿಮಾದವರ ಮೇಲೆ ಈ ದೂರು ಹೊರಿಸಿದರೆ ಶೋಭಿಸದು.

ಆ ಕವಿ ರನ್ನ. ಮುಧೋಳವೇ ಅವನ ಮುದುವೊಳಲು. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಅವನ ‘ಗದಾಯುದ್ಧ’ವನ್ನು ನಾವು ವೀರಕಾವ್ಯವೆನ್ನುತ್ತೇವೆ, ದುರಂತಕಾವ್ಯವೆನ್ನುತ್ತೇವೆ. ಅದು ಒಂದು ಪಂದ್ಯದ ಕಥೆಯೂ ಹೌದು. ಇಬ್ಬರು ಹಟವಾದಿಗಳು, ಒಂದು ಬಯಲು, ಮುಗಿಸುವ ಗಡಿಯಾರವಿಲ್ಲ. ಕಾವ್ಯದ ಬಹುಭಾಗ ಪಂದ್ಯಕ್ಕಿಂತ ಮೊದಲಿನದು. ದುರ್ಯೋಧನನು ರಣಭೂಮಿಯಲ್ಲಿ ದ್ರೋಣರ, ದುಶ್ಶಾಸನನ, ಕರ್ಣನ ಹೆಣಗಳ ಮುಂದೆ ನಿಂತು ನಿಂತು ನಡೆಯುತ್ತಾನೆ. ಕೊಳದ ತಣ್ಣೀರಿನಲ್ಲಿ ಅಡಗಿದವನಿಗೆ ಭೀಮನ ಗರ್ಜನೆ ಕೇಳಿ ಬೆವರೊಡೆಯುತ್ತದೆ. ಇದನ್ನು ರನ್ನನೇ ಸಿಂಹಾವಲೋಕನ ಕ್ರಮವೆಂದಿದ್ದಾನೆ: ಮುಂದೆ ನಡೆಯುತ್ತ ಸಿಂಹವು ಆಗಾಗ ಹೊರಳಿ ಹಿಂದೆ ನೋಡುವಂತೆ, ಒಂದು ಕಾಳಗವನ್ನು ಹೇಳುತ್ತ ಇಡೀ ಭಾರತವನ್ನು ಹಿಂದಿರುಗಿ ನೋಡುವುದು. ಬೇಸ್‌ಬಾಲ್ ಚಿತ್ರ ಮಾಡುವವನೂ ಇದನ್ನೇ ಮಾಡುತ್ತಾನೆ. 2007ರ ‘ಚಕ್ ದೇ ಇಂಡಿಯಾ’ದಲ್ಲಿ ಪೆನಾಲ್ಟಿಯೊಂದನ್ನು ತಪ್ಪಿಸಿಕೊಂಡು ದೇಶದ್ರೋಹಿಯೆನಿಸಿಕೊಂಡ ಆಟಗಾರನ ಮುಂದೆ, ಅವನು ತರಬೇತಿ ಕೊಟ್ಟ ಹುಡುಗಿಯರ ಅಂತಿಮ ಪಂದ್ಯವೂ ಪೆನಾಲ್ಟಿಗೇ ಬಂದು ನಿಲ್ಲುತ್ತದೆ. ಆಗ ನಾವು ನೋಡುವುದು ಆ ಚೆಂಡನ್ನಲ್ಲ, ಮೊದಲಿನ ಚೆಂಡನ್ನು.

ಗದೆಯ ಕಾಳಗವನ್ನು ನಮ್ಮಲ್ಲಿ ಯಾರು ನೋಡಿದ್ದಾರೆ? ಗದೆ ಹಿಡಿಯುವ ಕ್ರಮ ಯಾವ ಪಂಡಿತರಿಗೆ ಗೊತ್ತು? ಆದರೂ ನಾಭಿಯ ಕೆಳಗೆ ಹೊಡೆಯಕೂಡದೆಂಬ ಒಂದೇ ನಿಯಮ ಹಳ್ಳಿಯ ಅಜ್ಜಿಗೂ ಗೊತ್ತು. ಮುರಿಯುವುದು ಅದೇ ನಿಯಮ.

ಇಲ್ಲಿ ನನ್ನದೊಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ನಾನು ಆಗ ಹೊಸ ಅಧ್ಯಾಪಕ. ಒಂದು ಸಂಜೆ ಬನಹಟ್ಟಿಯ ಮನೆಯ ಪಡಸಾಲೆಯಲ್ಲಿ ಮರುದಿನದ ಪಾಠಕ್ಕೆಂದು ಗದಾಯುದ್ಧವನ್ನು ಗಟ್ಟಿಯಾಗಿ ಓದುತ್ತ, ನಡುನಡುವೆ ಅರ್ಥ ಹೇಳಿಕೊಳ್ಳುತ್ತಿದ್ದೆ. ತಂದೆ ಮಗ್ಗ ನಿಲ್ಲಿಸಿ ಬಂದು ಕಂಬಕ್ಕೆ ಒರಗಿ ಕುಳಿತರು. ಅಕ್ಷರ ಬಲ್ಲವರಲ್ಲ. ತೊಡೆ ಮುರಿಯುವ ಪ್ರಸಂಗ ಮುಗಿಯಿತು.

“ತಮ್ಮಾ, ತೊಡೀಗಿ ಹೊಡದಾಗ ಅಂವನ ಕಾಲ ಎಲ್ಲಿದ್ದೂ?” ಎಂದರು.

“ಯಾರ ಕಾಲು, ಅಪ್ಪಾ?”

“ಬಿದ್ದಾಂವಂದು. ಕಾಲ ಊರಿ ನಿಂತ ಪೈಲವಾನನ ತೊಡಿ ಹಂಗ ಸಿಗಂಗಿಲ್ಲ. ಅಂವ ಮ್ಯಾಲ ಜಿಗದಿರಬೇಕು.”

“ಅಪ್ಪಾ, ಇದು ಕಾವ್ಯ. ಕುಸ್ತಿ ಅಲ್ಲ” ಎಂದೆ.

“ಹೌದೇನೋ ಮತ್ತ” ಎಂದು ಅವರು ಎದ್ದು ಹೋದರು. ಮಗ್ಗದ ಸದ್ದು ಮತ್ತೆ ಮೊದಲಾಯಿತು. ನನ್ನ ಓದಿನ ವಿಷಯದಲ್ಲಿ ಅವರು ನನ್ನನ್ನು ಕೇಳಿದ ಪ್ರಶ್ನೆ ಅದೊಂದೇ. 1998ರಲ್ಲಿ ಅವರು ತೀರಿಕೊಂಡರು.

ಮಗಳ ಮನೆಯಲ್ಲಿ ಆ ಚಿತ್ರದ ಕೊನೆಗೆ ತಂದೆಯೂ ಮಗನೂ ಚೆಂಡು ಎಸೆದಾಡುತ್ತಿದ್ದಾಗ ನನ್ನ ಕಿವಿಯಲ್ಲಿದ್ದದ್ದು ಆ ಮಗ್ಗದ ಸದ್ದು. ಅಪ್ಪ ನನ್ನ ಕಡೆಗೂ ಒಂದು ಚೆಂಡನ್ನು ಎಸೆದಿದ್ದರು. ನಾನು ಕೈ ನೀಡಲಿಲ್ಲ.

ಊರಿಗೆ ಮರಳಿದ ಮೇಲೆ ವ್ಯಾಸಭಾರತದ ಶಲ್ಯಪರ್ವವನ್ನು ತೆಗೆದು ಗದಾಯುದ್ಧದ ಭಾಗವನ್ನು ನಿಧಾನವಾಗಿ ಓದಿದೆ. ಹಿಂದೆಯೂ ಓದಿದ್ದೆ, ಧರ್ಮಾಧರ್ಮದ ಚರ್ಚೆಗಾಗಿ, ಬಲರಾಮನ ಕೋಪಕ್ಕಾಗಿ ಓದಿದ್ದೆ, ಕಾಲು ಎಲ್ಲಿದೆ ಎಂದು ಓದಿರಲಿಲ್ಲ. ಅಲ್ಲಿ ಸ್ಪಷ್ಟವಾಗಿಯೇ ಇದೆ: ಭೀಮನ ಏಟನ್ನು ತಪ್ಪಿಸಿಕೊಳ್ಳಲು ದುರ್ಯೋಧನನು ಮೇಲಕ್ಕೆ ನೆಗೆಯುತ್ತಾನೆ. ಆ ನೆಗೆತವನ್ನು ಮೊದಲೇ ಊಹಿಸಿದ್ದ ಭೀಮನು ಆಗಲೇ ತೊಡೆಗಳಿಗೆ ಗದೆಯನ್ನು ಬೀಸಿ ಎಸೆಯುತ್ತಾನೆ.

ಪುಸ್ತಕವನ್ನು ಮುಚ್ಚಿ ಬನಹಟ್ಟಿಗೆ ಹೋಗಿ ತಂದೆಯ ತಾಲೀಮಿನ ಬಾಗಿಲಲ್ಲಿ ನಿಂತೆ. ಸಂಜೆ, ನಾಲ್ಕೈದು ಹುಡುಗರು ಕೆಂಪು ಮಣ್ಣನ್ನು ಸಲಿಕೆಯಿಂದ ಸಡಿಲಿಸುತ್ತಿದ್ದರು. “ಏನ್ ಬೇಕಾಗಿತ್ರಿ ಸರ್?” ಎಂದು ಒಬ್ಬನು ಕೇಳಿದ. ಎದುರಾಳಿ ಕೆಳಗೆ ಕೈ ಹಾಕಿದಾಗ ನೆಗೆದು ತಪ್ಪಿಸಿಕೊಳ್ಳುವುದು ಹೇಗೆ, ಇಳಿಯುವಾಗ ಕಾಲು ಎಲ್ಲಿ ಬೀಳುತ್ತದೆ, ತೋರಿಸುತ್ತೀಯಾ ಎಂದೆ. ಹುಡುಗರು ಮುಖಮುಖ ನೋಡಿಕೊಂಡು ನಕ್ಕರು. ಆಮೇಲೆ ಇಬ್ಬರು ಮಣ್ಣಿಗಿಳಿದು ಕೈಗೆ ಮಣ್ಣು ಹಚ್ಚಿಕೊಂಡು ತೋರಿಸಿದರು. ನನಗೆ ಮೊದಲ ಸಲ ತಿಳಿಯಲಿಲ್ಲ. ಇನ್ನೊಮ್ಮೆ ತೋರಿಸಿರೆಂದು ಹೇಳಿ ಕಟ್ಟೆಯ ಮೇಲೆ ಕುಳಿತೆ.