ಹಸಿವೋ, ಜಾತಿಯೋ?
(ಚೆನ್ನೈಯಲ್ಲಿ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಮೀಸಲಾತಿಯನ್ನು ಜಾತಿ ನೋಡಿ ಕೊಡಬೇಕೇ, ಬಡತನ ನೋಡಿ ಕೊಡಬೇಕೇ ಎಂದು ನಮ್ಮ ಕೋಣೆಗಳಲ್ಲಿ ರಾತ್ರಿಯೆಲ್ಲ ವಾದ. ನಾವು ಕಂಡದ್ದನ್ನೇ ಹೇಳುತ್ತೇವೆ. ನಾವು ದುಡಿದ ಒಂದು ಹೋಟೆಲಿನಲ್ಲಿ ಅಡಿಗೆ ಭಟ್ಟರೂ ಬಡವರು, ಎಂಜಲೆಲೆ ಎತ್ತುವ ಹುಡುಗನೂ ಬಡವ. ಇಬ್ಬರಿಗೂ ಊರಲ್ಲಿ ಸಾಲ. ಆದರೆ ಎಷ್ಟು ವರ್ಷ ದುಡಿದರೂ ಆ ಹುಡುಗನಿಗೆ ಒಲೆಯ ಹತ್ತಿರ ಹೋಗಲು ಅಪ್ಪಣೆಯಿರಲಿಲ್ಲ. ಅದಕ್ಕೆ ಕಾರಣ ಬಡತನವಲ್ಲ.

ಈ ನಾಡಿನಲ್ಲೇ 1979ರಲ್ಲಿ ಎಂ.ಜಿ.ಆರ್. ಸರ್ಕಾರವು, ವರ್ಷಕ್ಕೆ 9,000 ರೂಪಾಯಿ ಮೀರಿದ ವರಮಾನವಿದ್ದರೆ ಹಿಂದುಳಿದವರ ಮೀಸಲಾತಿಯಿಲ್ಲ ಎಂದಿತು. 1980ರ ಲೋಕಸಭಾ ಚುನಾವಣೆಯಲ್ಲಿ ಪಕ್ಷ ಸೋತಿತು. ಆಜ್ಞೆ ಹಿಂದಕ್ಕೆ ಹೋಯಿತು. ನೂರಕ್ಕೆ 31 ಇದ್ದ ಪಾಲು 50 ಆಯಿತು. 2019ರಲ್ಲಿ ಕೇಂದ್ರವು, ಬೇರೆ ಮೀಸಲಾತಿಗೆ ಸೇರದ ಬಡವರಿಗೆ ನೂರಕ್ಕೆ 10 ಎಂದಿತು. ಆ ಹತ್ತರಲ್ಲಿ ಭಟ್ಟರ ಮಗನಿಗೆ ಜಾಗವುಂಟು, ಪರಿಶಿಷ್ಟ ಜಾತಿಯ ಆ ಹುಡುಗನಿಗಿಲ್ಲ. ಅವನು ಬಡವನಲ್ಲವೇ?

ಇನ್ನು ವಲಸೆ ಬಂದವರ ಕಷ್ಟ. 1990ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ, ಒಂದು ರಾಜ್ಯದ ಪರಿಶಿಷ್ಟನು ಇನ್ನೊಂದು ರಾಜ್ಯಕ್ಕೆ ಹೋದರೆ ಅಲ್ಲಿ ಆ ಸೌಲಭ್ಯ ಸಿಗದು. ಸೌಲಭ್ಯ ಊರಲ್ಲೇ ಉಳಿಯಿತು; ಜಾತಿ ಮಾತ್ರ ರೈಲು ಹತ್ತಿ ಜೊತೆಗೆ ಬಂತು.

ನಮ್ಮ ಮಾತು ಇಷ್ಟೇ: ಜಾತಿ ಮುಚ್ಚಿದ ಬಾಗಿಲನ್ನು ತೆರೆಯಲು ಜಾತಿ ನೋಡಿಯೇ ಮೀಸಲಾತಿ ಬೇಕು. ನ್ಯಾಯವಾದ ಸಂಬಳ, ಮಕ್ಕಳ ವಿದ್ಯಾರ್ಥಿವೇತನ ಎಲ್ಲ ಬಡವರಿಗೂ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಕಸಿಯಲು ಬಿಡಬಾರದು. ಭಟ್ಟರೂ ಆ ಹುಡುಗನೂ ಒಂದೇ ಅರ್ಜಿಗೆ ರುಜು ಹಾಕಲಿ.