ಲೆಕ್ಕದಲ್ಲಿ ಬಾರದ ಬಾಕಿ
(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಷೇರು ಬಂಡವಾಳ, ಠೇವಣಿ, ಸಾಲ ವಸೂಲಿ ಎಲ್ಲವನ್ನೂ ಕಾರ್ಯದರ್ಶಿಗಳು ಈಗಾಗಲೇ ಓದಿ ಹೇಳಿದ್ದಾರೆ. ಆ ಲೆಕ್ಕದಲ್ಲಿ ಬಾರದ ಒಂದು ಬಾಕಿಯ ಬಗ್ಗೆ ನಾವು ಎರಡು ಮಾತು ಹೇಳಬಯಸುತ್ತೇವೆ. ಅದು ಸಾಲಿ ಬಿಟ್ಟು ದುಡಿಯುವ ಮಕ್ಕಳ ಬಾಕಿ.

ಹೈಬ್ರಿಡ್ ಹತ್ತಿ ಬೀಜದ ಕೆಲಸ ನಮ್ಮ ಹಾವೇರಿ, ರಾಣೇಬೆನ್ನೂರು ಸೀಮೆಗೆ ಹೊಸದಲ್ಲ. ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸಬೇಕು. ಒಂದೊಂದು ಹೂವಿಗೂ ಕೈಯೇ ಆಗಬೇಕು. ಸಣ್ಣ ಬೆರಳು ಚುರುಕು, ಕೂಲಿಯೂ ಕಮ್ಮಿ ಅಂತ ಹುಡುಗಿಯರನ್ನು ಹಚ್ಚುವ ರೂಢಿ ಬೆಳೆಯಿತು. ಹೂವಿಗೂ ಬೆಳಗಿನ ಹೊತ್ತೇ ಬೇಕು, ಸಾಲಿಗೂ ಬೆಳಗಿನ ಹೊತ್ತೇ ಬೇಕು. ಎರಡು ಮೂರು ತಿಂಗಳು ತಪ್ಪಿದರೆ ಪಾಠ ಹಿಂದೆ ಬೀಳುತ್ತದೆ, ಮಗುವಿಗೆ ನಾಚಿಕೆಯಾಗುತ್ತದೆ, ಆಮೇಲೆ ಸಾಲಿಯೇ ಬೇಡವಾಗುತ್ತದೆ.

ತಂದೆ-ತಾಯಿಯನ್ನು ಬೈಯುವುದು ಸುಲಭ. "ಸಾಲಿಗೆ ಕಳಿಸಿದ್ರ ಹೊಟ್ಟಿಗೆ ಏನ್ ತಿನ್ನೋದ್ರೀ?" ಅಂತ ಅವರು ಕೇಳಿದರೆ ನಮ್ಮಲ್ಲಿ ಉತ್ತರ ಬೇಕಲ್ಲ! ಆಸ್ಪತ್ರೆ ಖರ್ಚು, ಮದುವೆ ಖರ್ಚು ಬಂದಾಗ ಭೂಮಿ ಇದ್ದವನು ಪಹಣಿ ಹಿಡಿದು ಸಂಘಕ್ಕೆ ಬರುತ್ತಾನೆ. ಭೂಮಿ ಇಲ್ಲದವನು ಮುಂಗಡ ಕೊಡುವವರ ಬಾಗಿಲಿಗೆ ಹೋಗುತ್ತಾನೆ. ಅಲ್ಲಿ ಅಡವಿಗೆ ಇಡಲು ಅವನಲ್ಲಿರುವುದು ಮಕ್ಕಳ ದುಡಿಮೆ ಒಂದೇ. ಮಕ್ಕಳು ಅಗ್ಗಕ್ಕೆ ದುಡಿದರೆ ದೊಡ್ಡವರ ಕೂಲಿಯೂ ಏರುವುದಿಲ್ಲ. ಬಡತನ ಮತ್ತೆ ಅದೇ ಮನೆಗೆ ಬರುತ್ತದೆ.

ಕಾನೂನು ಇಲ್ಲವೆಂದಲ್ಲ. ಬಾಲಕಾರ್ಮಿಕ ಕಾಯ್ದೆ 1986ರಲ್ಲಿ ಬಂತು. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನವರನ್ನು ಕೂಲಿಗೆ ಹಚ್ಚುವುದೇ ಅಪರಾಧ. 6ರಿಂದ 14 ವರ್ಷದವರಿಗೆ ಉಚಿತ, ಕಡ್ಡಾಯ ಶಿಕ್ಷಣದ ಹಕ್ಕು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೂ 2011ರ ಜನಗಣತಿಯಲ್ಲಿ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ದುಡಿಯುವ ಮಕ್ಕಳು ಕಂಡುಬಂದರು. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ, 2013ರ ಕ್ಷೀರಭಾಗ್ಯದ ಹಾಲು ಮಗುವಿನ ಹಸಿವಿಗೆ ಆಸರೆಯಾಗಿವೆ. ಆದರೆ ಮನೆಯ ಸಾಲವನ್ನು ಬಿಸಿಯೂಟ ತೀರಿಸುವುದಿಲ್ಲ. ಆ ಕೆಲಸ ಸಹಕಾರದ್ದು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಬಡ ರೈತನನ್ನು ಸಾವುಕಾರನ ಬಡ್ಡಿಯಿಂದ ಬಿಡಿಸಲಿಕ್ಕೆ.

ಆದ್ದರಿಂದ ಮಹಾಸಭೆಯ ಮುಂದೆ ಮೂರು ವಿನಂತಿ ಇಡುತ್ತೇವೆ. ಒಂದು, ಭೂಮಿ ಇಲ್ಲದ ಮನೆಗಳಿಗೆ ಮಹಿಳಾ ಸ್ವಸಹಾಯ ಗುಂಪುಗಳ ಮೂಲಕ ಸಣ್ಣ ಸಾಲ ಸಿಗಲಿ. ಅದೂ ಕೆಲಸವಿಲ್ಲದ ಬೇಸಿಗೆಯಲ್ಲಿ, ಮುಂಗಡದವರು ಬರುವ ಮುಂಚೆಯೇ. ಎರಡು, ಬೀಜದ ಪ್ಲಾಟು ಮಾಡುವ ಸದಸ್ಯರು ಬೆಳೆಸಾಲ ಪಡೆಯುವಾಗ ಮಕ್ಕಳನ್ನು ಹಚ್ಚುವುದಿಲ್ಲವೆಂದು ಬರೆದುಕೊಡಲಿ. ಮೂರು, ಹಾಜರಿ ತಪ್ಪಿದ ಮಕ್ಕಳ ಪಟ್ಟಿಯನ್ನು ಮುಖ್ಯಗುರುಗಳಿಂದ ತಿಂಗಳಿಗೊಮ್ಮೆ ತರಿಸಿ, ನಿರ್ದೇಶಕರು ಆ ಮನೆಗಳಿಗೆ ಹೋಗಿ ಬರಲಿ. ಗದರಿಸಲಿಕ್ಕಲ್ಲ, ಅಡಚಣೆ ಏನೆಂದು ಕೇಳಲಿಕ್ಕೆ.

ಸಾಲದ ಬಾಕಿಗೆ ವಾಯಿದೆ ಕೊಡಬಹುದು. ಮಗುವಿನ ವಯಸ್ಸಿಗೆ ವಾಯಿದೆ ಇಲ್ಲ. ಸುವರ್ಣ ಮಹೋತ್ಸವದ ಹೊತ್ತಿಗೆ ಈ ಸಂಘದ ಲೆಕ್ಕ ಬರೆಯುವವರು ಇಂದಿನ ಕೂಲಿಕಾರರ ಮಕ್ಕಳಲ್ಲಿಯೂ ಇರಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ.