ಕಾಳಮ್ಮ ಕಲಮ್ಮ ಆದದ್ದು

ನಾನು ಭಾಷಣಕಾರನಲ್ಲ, ಪ್ರೆಸ್ ನಡೆಸುವವನು. ಪಿಯುಸಿಗೇ ಓದು ನಿಂತಿತು. ಅಚ್ಚಿನ ಮಸಿ ಕಲಿಸಿದ್ದನ್ನಷ್ಟೇ ಹೇಳುತ್ತೇನೆ.

ಹೋದ ವರ್ಷ ಒಬ್ಬ ಹುಡುಗ ತನ್ನ ಲಗ್ನಪತ್ರಿಕೆಯ ವಿವರವನ್ನು ವಾಟ್ಸಾಪಿನಲ್ಲಿ ಕಳಿಸಿದ. ಮಾತು ಕನ್ನಡ, ಅಕ್ಷರ ಇಂಗ್ಲಿಷು. ಅವನ ಅಜ್ಜಿ ಕಾಳಮ್ಮ. ನಮ್ಮ ಡಿಟಿಪಿ ಹುಡುಗಿ 'ಕಲಮ್ಮ' ಎಂದು ಹೊಡೆದಳು. ಪ್ರೂಫ್ ನೋಡಿದ ಮದುಮಗನೂ ಸರಿ ಎಂದ! 500 ಪತ್ರಿಕೆ ಅಚ್ಚಾದ ಮೇಲೆ ಅಜ್ಜಿ ಓದಿ, "ಇದ್ಯಾರಪ್ಪ?" ಎಂದರಂತೆ. ಹುಡುಗಿಯದೇನು ತಪ್ಪು? ಫೋನಿನ ಇಂಗ್ಲಿಷಿನಲ್ಲಿ ಲಕಾರ ಳಕಾರ ಎರಡಕ್ಕೂ ಒಂದೇ ಅಕ್ಷರ, ದೀರ್ಘಕ್ಕೆ ದಿಕ್ಕೇ ಇಲ್ಲ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಕೆ.ಪಿ. ರಾವ್ ಕನ್ನಡಕ್ಕೆಂದೇ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟರು. ನಿಮ್ಮ ಮೊಬೈಲಿನೊಳಗೂ ಕನ್ನಡ ಕೂತಿದೆ, ಸೆಟ್ಟಿಂಗ್‌ನಲ್ಲಿ ಒಮ್ಮೆ ಆನ್ ಮಾಡಿದರೆ ಸಾಕು. ಆದರೂ ಬೋರ್ಡಿನಲ್ಲಿ ಕನ್ನಡವಿಲ್ಲವೆಂದು ಅಂಗಡಿ ಮುಂದೆ ಕೂಗುವ ನಾವು, ಆ ಹೋರಾಟದ ಕರೆಯನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕಳಿಸುತ್ತೇವೆ!

ಪ್ರೆಸ್ಸಿನವರ ಪಾಪವೂ ಇದೆ, ಮುಚ್ಚಿಡಲಾರೆ. ವರ್ಷಗಟ್ಟಲೆ ಹಳೆಯ ಫಾಂಟುಗಳಲ್ಲಿ ಪುಸ್ತಕ ಮಾಡಿದೆವು. ಪರದೆ ಮೇಲೆ ಕನ್ನಡ, ಕಂಪ್ಯೂಟರಿನ ಹೊಟ್ಟೆಯೊಳಗೆ ಇಂಗ್ಲಿಷ್ ಸಂಕೇತ. ಫಾಂಟ್ ತೆಗೆದರೆ ಬರೀ ಕಸ. ಅದನ್ನೇ ಅಂತರ್ಜಾಲಕ್ಕೆ ಹಾಕಿದರೆ, ಕನ್ನಡದಲ್ಲಿ ಹುಡುಕಿದವನಿಗೆ ಸಿಗುವುದೇ ಇಲ್ಲ. ಈಗ ನನ್ನ ಹಳೆ ಫೈಲುಗಳನ್ನು ದಿನಕ್ಕೊಂದಿಷ್ಟು ಯೂನಿಕೋಡ್‌ಗೆ ತಿರುಗಿಸುತ್ತಿದ್ದೇನೆ. ಒತ್ತಕ್ಷರ ಕೆಡುತ್ತವೆ, ಕೂತು ತಿದ್ದಬೇಕು.

ಅಂದ ಹಾಗೆ, ಆ 500 ಪತ್ರಿಕೆಯನ್ನೂ ಮತ್ತೆ ಅಚ್ಚು ಹಾಕಿಕೊಟ್ಟೆ, ನನ್ನ ಖರ್ಚಿನಲ್ಲೇ.